ಲಾರಿಮನೆಯ ಕಿಟಕಿಗಳು

ಮಲಗಿದವರ ಹತ್ತಿರ ಜನ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಾರೆ. ನೀವು ಇದನ್ನು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಮೂರು ವರ್ಷದಿಂದ ಗಮನಿಸುತ್ತ ಬಂದಿದ್ದೇನೆ. ನನ್ನ ಕಿವಿಗೆ ಏನೂ ಆಗಿಲ್ಲ, ಆಗಿರುವುದು ಬೆನ್ನಿಗೆ. ಆದರೂ ಕೋಣೆಗೆ ಬಂದವರು ಮಂಚದ ಪಕ್ಕ ನಿಂತು, ಬಾವಿಯೊಳಗೆ ಬಗ್ಗಿ ನೋಡುವವರ ಹಾಗೆ ಕತ್ತು ಚಾಚಿ, "ಹೇಗಿದ್ದೀರಿ?" ಎಂದು ಒಂದೊಂದೇ ಅಕ್ಷರ ಬಿಡಿಸಿ ಕೇಳುತ್ತಾರೆ. ನಾನೂ ಅಷ್ಟೇ ಬಿಡಿಸಿ "ಆರಾಮ" ಎನ್ನುತ್ತೇನೆ. ಆಮೇಲೆ ಅವರು ನನ್ನ ಮೇಲಿಂದಲೇ ನನ್ನ ಗಂಡನ ಕಡೆ ನೋಡಿ, "ಊಟ ಸರಿ ಮಾಡ್ತಾರಾ?" ಎಂದು ವಿಚಾರಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ನನಗೇ ಚೆನ್ನಾಗಿ ಗೊತ್ತಿದ್ದರೂ ನನ್ನನ್ನು ಯಾರೂ ಕೇಳುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವಳು. ಮನೆ ಶಿರಸಿಯಲ್ಲಿ, ಶಾಲೆ ಯಲ್ಲಾಪುರದಲ್ಲಿ. ವರ್ಷಗಟ್ಟಲೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ಕಿಟಕಿ ಪಕ್ಕದ ಸೀಟಿನ ಬಗ್ಗೆ ನನಗಿದ್ದ ಆಸೆ ಸಣ್ಣದಲ್ಲ. ಅದಕ್ಕಾಗಿ ಕರ್ಚೀಫು ಎಸೆದಿದ್ದೇನೆ, ಗರ್ಭಿಣಿಯರನ್ನು ಬಿಟ್ಟು ಮಿಕ್ಕೆಲ್ಲರ ಜೊತೆ ಜಗಳವಾಡಿದ್ದೇನೆ. ಆಮೇಲೆ ಬೆನ್ನುಹುರಿಗೆ ಕಾಯಿಲೆ ಬಂತು. ಆಪರೇಷನ್ ಆಯಿತು. ಜೀವ ಉಳಿಯಿತು, ಕೈಗಳು ಉಳಿದವು, ಮಗ್ಗುಲಾಗಬಲ್ಲೆ, ಬರೆಯಬಲ್ಲೆ. ಕೂರುವುದೊಂದು ಹೋಯಿತು. ಕೂರಿಸಿದರೆ ನೋವು ಬೆನ್ನಿಂದ ನೆತ್ತಿಗೆ ಏರಿ ಕಣ್ಣು ಕತ್ತಲಾಗುತ್ತದೆ. ಹೀಗಾಗಿ ಕಾರು, ಬಸ್ಸು, ಗಾಲಿಕುರ್ಚಿ ಎಲ್ಲವೂ ನನ್ನ ಪಾಲಿಗೆ ಮುಗಿದವು. ಉಳಿದದ್ದು ಆಸ್ಪತ್ರೆಗೆ ಒಯ್ಯುವ ಆಂಬುಲೆನ್ಸ್. ಅದರ ಗಾಜಿಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಹೊರಗಿನವರು ಒಳಗೆ ನೋಡಬಾರದು ಎಂಬುದು ಸರಿಯೇ, ಒಳಗಿರುವವರಿಗೆ ಹೊರಗೆ ನೋಡುವ ಆಸೆ ಇರಬಹುದೆಂದು ಮಾತ್ರ ಯಾರಿಗೂ ಹೊಳೆದಿಲ್ಲ.

ಒಂದು ಮಧ್ಯಾಹ್ನ ನನ್ನ ಗಂಡ ಗಣಪತಿ, ತಮ್ಮ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದವರು, ಬಾಗಿಲಲ್ಲೇ ನಿಂತು, "ಎಂತಾರೂ ಬೇಕನೇ?" ಎಂದು ಕೇಳಿದರು. ದಿನವೂ ಕೇಳುವ ಮಾತೇ ಅದು. ದಿನವೂ ನಾನು ಎಂತದೂ ಬೇಡ ಎನ್ನುತ್ತಿದ್ದೆ. ಅವತ್ತು ಬಾಯಿಂದ ಬೇಕು ಎಂಬ ಮಾತು ಬಂತು.

"ಹೊರಗೆ ನೋಡವು," ಎಂದೆ. "ಎಲ್ಲಿಗಾದ್ರೂ ಹೋಗವು. ದಾರಿ ತುಂಬ ಹೊರಗೆ ನೋಡ್ತಾ ಹೋಗವು."

"ಒಬ್ಳೇಯಾ?"

"ಒಬ್ಳೇ ಎಂತಕ್ಕೆ? ಎಲ್ಲರೂ."

ಇವರು ಕೇಳಿಕೊಂಡು ಊಟಕ್ಕೆ ಹೋದರು. ಇವರ ಸ್ವಭಾವವೇ ಹಾಗೆ. ಪಂಪುಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ಇವರದು. ಕೆಟ್ಟದ್ದು ಯಾವುದೇ ಇರಲಿ, ಮಾತಾಡದೆ ಬಿಚ್ಚಿ ನೋಡುವುದು ರೂಢಿ. ಮಿಕ್ಸಿ, ಗಡಿಯಾರ, ಪಕ್ಕದ ಮನೆಯವರ ಫ್ರಿಜ್ಜು, ಎಲ್ಲವನ್ನೂ ಬಿಚ್ಚಿದ್ದಾರೆ, ಬಹುಪಾಲನ್ನು ಮರಳಿ ಜೋಡಿಸಿಯೂ ಇದ್ದಾರೆ. ನನ್ನ ಬೆನ್ನೊಂದನ್ನು ಬಿಚ್ಚಿ ನೋಡಲು ಇವರಿಗೆ ಸಾಧ್ಯವಾಗಲಿಲ್ಲ. ಮೂರು ವರ್ಷದ ಆ ಸಂಕಟವೆಲ್ಲ ಒಂದು ಲಾರಿಯ ಮೇಲೆ ಹೋಗಿ ಕೂತಿತು.

ಮೊದಲು ಸಣ್ಣ ವ್ಯಾನು ಸಾಕೆಂದು ಲೆಕ್ಕ ಹಾಕಿದ್ದರಂತೆ. ವ್ಯಾನಿನಲ್ಲಿ ಮಂಚ ಹಿಡಿಯುತ್ತದೆ, ಮನೆಯವರು ಹಿಡಿಯುವುದಿಲ್ಲ. ಎಲ್ಲರೂ ಎಂದು ನಾನು ಬೇರೆ ಹೇಳಿಬಿಟ್ಟಿದ್ದೆನಲ್ಲ. ಹಾಗಾಗಿ ದೊಡ್ಡ ಲಾರಿಯೇ ಬಂತು. ಅಲ್ಲಿಯವರೆಗೆ ಅದು ಚಿರೆಕಲ್ಲು ಹೊರುತ್ತಿದ್ದ ಗಾಡಿ. ಎಷ್ಟು ತೊಳೆದರೂ ಅದರ ಸಂದಿಗಳಿಂದ ಕೆಂಪು ಧೂಳು ಉದುರುತ್ತಿತ್ತು. ಅಂಗಳದಲ್ಲಿ ನಿಲ್ಲಿಸಿದರೆ ಅರ್ಧ ಅಂಗಳವೂ ಇಲ್ಲ, ಬೆಳಕೂ ಇಲ್ಲ. ನನ್ನ ಕೋಣೆಯ ಕಿಟಕಿಯಲ್ಲಿ ಅದರ ಹಿಂದಿನ ಗಾಲಿಯೊಂದು ತುಂಬಿಕೊಂಡಿತು. ಮೊದಲು ಅಲ್ಲಿ ದಾಸವಾಳ ಕಾಣುತ್ತಿತ್ತು ಎಂದು ನಾನು ಯಾರಿಗೂ ಹೇಳಲಿಲ್ಲ. ನನಗಾಗಿಯೇ ಬಂದ ಗಾಡಿಯಲ್ಲವೇ!

ಲಾರಿಯೇನೋ ಬಂತು, ಓಡಿಸುವವರು ಯಾರು? ಐವತ್ತು ದಾಟಿದ ಮೇಲೆ ಇವರು ದೊಡ್ಡ ಗಾಡಿಯ ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲು ಸೇರಿದರು. ಜೊತೆಗೆ ಕಲಿಯುವವರೆಲ್ಲ ನಮ್ಮ ಮಗಳು ಪಲ್ಲವಿಯ ವಯಸ್ಸಿನವರು, ಇವರನ್ನು ಅಂಕಲ್ ಎನ್ನುತ್ತಿದ್ದರಂತೆ. ಹಿಂದಕ್ಕೆ ತೆಗೆಯುವಾಗ ಶಾಲೆಯ ಲಾರಿಯನ್ನು ಶಾಲೆಯ ಬೋರ್ಡಿಗೇ ತಾಗಿಸಿದ ಕಥೆಯನ್ನು ಪಲ್ಲವಿ ಎರಡು ಬಾರಿ ಅಭಿನಯಿಸಿ ತೋರಿಸಿದಳು. ನಾನು ನಕ್ಕು ನಕ್ಕು ಬೆನ್ನು ನೋಯಿಸಿಕೊಂಡೆ. ಇವರೂ ನಕ್ಕರು, ಆದರೆ ಮರುದಿನ ಬೆಳಗ್ಗೆ ಮತ್ತೆ ಹೋದರು.

ಕುಟುಂಬವೇ ಗಾಡಿ ಹತ್ತಿ ಕಾಡಿನ ದಾರಿಯಲ್ಲಿ ಉಳಿಯುತ್ತ ಹೋಗುವುದು ಈಗ ಹೊಸ ಶೋಕಿಯ ಹಾಗೆ ಕಾಣುತ್ತದೆ. ಮೊಬೈಲಿನಲ್ಲಿ ಅಂಥ ವಿಡಿಯೋಗಳು ಬೇಕಾದಷ್ಟಿವೆ. ನನ್ನ ಮಾವಯ್ಯನಿಗೆ, ಎಂದರೆ ಗಣಪತಿಯ ಅಪ್ಪನಿಗೆ, ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅವರ ಅಜ್ಜಿಯ ಕಾಲದಲ್ಲಿ ಕ್ಷೇತ್ರಕ್ಕೆ ಹೋಗುವವರು ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲೇ ಘಟ್ಟ ಇಳಿಯುತ್ತಿದ್ದರು. ಅಕ್ಕಿ, ಪಾತ್ರೆ, ಹಾಸಿಗೆ, ಬಾಣಂತಿ, ಮುದುಕರು, ಎಲ್ಲ ಅದರಲ್ಲೇ. ನೀರು ಕಂಡಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಅಡಿಗೆ ಮಾಡಿ ಉಂಡು ಮಲಗುವುದು. ದಾರಿ ಕೆಟ್ಟದಾಗಿತ್ತೇ ಎಂದು ಅವರನ್ನು ಕೇಳುವಂತಿಲ್ಲ, ದಾರಿ ಎನ್ನುವುದೇ ಆಗ ಇದ್ದದ್ದು ಹಾಗೆ. ಈ ಕಥೆ ಹೇಳಿದ ಮೇಲೆ ಮಾವಯ್ಯ ಲಾರಿಯ ಕೆಲಸಕ್ಕೆ ತಾವೇ ಹಿರಿಯರಾಗಿ ನಿಂತರು. ಅಲ್ಲಿಂದ ಲಾರಿ ನಿಧಾನವಾಗಿ ಮನೆಯಾಗತೊಡಗಿತು.

ಶಿರಸಿಯಲ್ಲಿ ಲಾರಿಗೆ ಬಾಡಿ ಕಟ್ಟುವ ಇಸ್ಮಾಯಿಲ್ ಸಾಬರು ಅಂಗಳಕ್ಕೇ ಬಂದು ಕೆಲಸ ಹಿಡಿದರು. ಹಿಂದೆ ಸ್ಟ್ರೆಚರ್ ಏರಿಸಲು ಜೋಡಿಬಾಗಿಲು ಮತ್ತು ಇಳಿಜಾರು ಹಲಗೆ, ಉಳಿದವರಿಗೆ ಎಡಗಡೆ ಮೆಟ್ಟಿಲು, ಎರಡೂ ಬದಿಗೆ ಬೆಲ್ಟು ಇರುವ ಬೆಂಚು, ಮುಂದೆ ಕ್ಯಾಬಿನ್ನಿಗೆ ತಾಗಿ ನನ್ನ ಮಂಚ. ನಮ್ಮ ಕಡೆಯವರಿಗೆ ಹೊಸ ಕಟ್ಟಡ ನಡೆಯುವಲ್ಲಿ ಹೋಗಿ ಕೂತು ಅಭಿಪ್ರಾಯ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ನೆಂಟರು ಬಂದರು, ಓಣಿಯವರು ಬಂದರು, ಮೋಟಾರು ರಿಪೇರಿಗೆ ತಂದವರೂ ಬಂದರು. ಮೊದಲು ಸಿದ್ಧವಾದದ್ದು ಬೆಂಚಾದ್ದರಿಂದ ಎಲ್ಲರೂ ಬೆಂಚಿನ ಮೇಲೆ ಕೂತರು. ಬಂದವರಿಗೆ ಮೊದಲು ಕೂರಲು ಜಾಗ ಎನ್ನುವುದು ನಮ್ಮಲ್ಲಿ ಕಟ್ಟಡದ ಮೊದಲ ನಿಯಮ, ಗಾಲಿ ಇದ್ದರೂ ಇಲ್ಲದಿದ್ದರೂ.

ಆಗ ಹುಟ್ಟಿದ ಪ್ರಶ್ನೆ, ಇದು ವಾಹನವೋ ಮನೆಯೋ? ವಾಹನವಾದರೆ ಗಾಲಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದರೆ ಮುಗಿಯಿತು. ಮನೆಯಾದರೆ ಗೃಹಪ್ರವೇಶವೇ ಆಗಬೇಕು. ಪುರೋಹಿತರು ಎಲೆಯಡಿಕೆಯ ಕವಳ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಮಾವಯ್ಯನೇ ತೀರ್ಪು ಕೊಟ್ಟರು. "ಒಲೆ ಇದ್ದು, ಹಾಸಿಗೆ ಇದ್ದು. ಮನೆಯೇ ಸೈ."

ಮನೆ ಎಂದಾದ ಮೇಲೆ ದಿಕ್ಕು ಬೇಕಲ್ಲ. ನನ್ನ ನಾದಿನಿ ಸುಮಂಗಲೆಯ ಗಂಡ ರಾಘವ ಭಾವ ಅರಬೈಲಿನವರು, ಆರು ಅಡಿಗೂ ಎತ್ತರದ ಆಳು, ವಾಸ್ತುವಿನ ಮೇಲೆ ಬಲವಾದ ನಂಬಿಕೆ. ಅವರು ದಿಕ್ಸೂಚಿ ಹಿಡಿದುಕೊಂಡೇ ಬಂದರು. ಆದರೆ ಲಾರಿಯ ಪೂರ್ವ ಯಾವುದು? ಅರಬೈಲ್ ಘಟ್ಟದ ಒಂದೊಂದು ತಿರುವಿನಲ್ಲೂ ಅಗ್ನಿಮೂಲೆ ವಾಯುವ್ಯಕ್ಕೆ ಹೋಗಿ ಬರುತ್ತದೆ. ಕೋಣೆಯೊಳಗೆ ಮಲಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಭೂಗೋಳದ ಮಾಸ್ತರಿಣಿಗೆ ಬಾಯಿ ಕಟ್ಟಿಕೊಂಡಿರುವುದು ಕಷ್ಟವಾಯಿತು. ಗಾಡಿಯ ಮುಖ ಯಾವ ಕಡೆಗೋ ಅದೇ ಪೂರ್ವ ಎಂದು ಪುರೋಹಿತರು ಅಂತೂ ಬಗೆಹರಿಸಿದರು. ಹಾಗಾದರೆ ಬಲಬದಿ ದಕ್ಷಿಣ. ತಲೆ ದಕ್ಷಿಣಕ್ಕಿರಬೇಕಾದ್ದರಿಂದ ಮಂಚ ಅಡ್ಡವಾಯಿತು, ನನ್ನ ತಲೆ ಬಲಗೋಡೆಗೆ, ಕಾಲು ಎಡಗೋಡೆಗೆ. ಅಗ್ನಿಮೂಲೆಗೆ ಸರಿಯಾಗಿ ನನ್ನ ತಲೆ ಬಂದದ್ದರಿಂದ ಒಲೆಯನ್ನು ಗಾಡಿಯ ಹೊರಗೆ ಇಟ್ಟುಕೊಳ್ಳುವುದೆಂದಾಯಿತು. ಒಲೆ ಹೊರಗೆ ಹೋದರೆ ಇದು ಮನೆ ಹೇಗಾಗುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಗಬೇಡಿ. ಅಥವಾ ನಗಿ, ನಾನೂ ನಕ್ಕಿದ್ದೇನೆ. ಆದರೆ ಮನೆ ಎಂದು ತೀರ್ಮಾನವಾದ ಆ ಕ್ಷಣದಲ್ಲೇ ನನ್ನ ಕಿಟಕಿಯ ಹಣೆಬರಹವೂ ತೀರ್ಮಾನವಾಗಿತ್ತು. ಏಕೆಂದರೆ ಮಾವಯ್ಯ ಇನ್ನೊಂದು ಮಾತು ಹೇಳಿದರು. "ಪ್ರವೇಶ ಆಗ್ದೇ ಇದ್ದ ಮನೇಲಿ ಯಾರೂ ಮನಿಕ್ಯಳಲಾಗ."

ಗೃಹಪ್ರವೇಶ ಆಗದ ಮನೆಯಲ್ಲಿ ಮಲಗಬಾರದು ಎನ್ನುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ. ಕೆಲಸದವರು ಕೂತು ಉಣ್ಣಬಹುದು, ಯಜಮಾನ ಅಡ್ಡಾಡಬಹುದು, ಮೈ ಚಾಚುವಂತಿಲ್ಲ. ಮಂಚ ಗಟ್ಟಿಯಿದೆಯೇ ನೋಡಲು ಇಸ್ಮಾಯಿಲ್ ಸಾಬರು, "ಯಾರಾದ್ರೂ ಒಮ್ಮೆ ಮಲಗಿ ನೋಡಿ ಮಾರಾಯ್ರೆ, ಆಮೇಲೆ ಕಿರ್ರ್ ಅಂತದೆ ಅಂತ ನನಗೆ ಹೇಳೋದು ಬೇಡ" ಎಂದರು. ಮಲಗುವಂತಿಲ್ಲವಾದ್ದರಿಂದ ಎರಡು ಮೂಟೆ ಅಕ್ಕಿಯನ್ನು ಮಂಚದ ಮೇಲೆ ಅಡ್ಡ ಹಾಕಿ, ಬೆಲ್ಟು ಕಟ್ಟಿ, ಶಿರಸಿ ಪೇಟೆಯಲ್ಲಿ ಒಂದು ಸುತ್ತು ಹೊಡೆಸಿದರು. ಮಂಚ ಕಿರ್ರ್ ಎನ್ನಲಿಲ್ಲ. ಅಕ್ಕಿಮೂಟೆಗಳು ಕಿಟಕಿಯ ಬಗ್ಗೆಯೂ ಏನೂ ಹೇಳಲಿಲ್ಲ.

ಕಿಟಕಿ ಇಟ್ಟದ್ದು ಬೆಂಚಿನ ಮೇಲೆ ಕೂತವರ ಅಳತೆಗೆ. ಕೂತವರೆಲ್ಲ ಕೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಇನ್ನೊಂದು ಚೂರು ಮೇಲೆ, ಇನ್ನೊಂದು ಚೂರು ಮೇಲೆ ಎಂದರು. ಕೊನೆಯ ಗೆರೆ ಬಿದ್ದದ್ದು ರಾಘವ ಭಾವನ ಕಣ್ಣಿನ ಎತ್ತರಕ್ಕೆ. ಇವರು ನನ್ನನ್ನು ಕೇಳಲಿಲ್ಲವೆಂದಲ್ಲ. ಕಿಟಕಿ ಎಷ್ಟು ದೊಡ್ಡದಿರಬೇಕು ಎಂದು ಕೇಳಿದ್ದರು. ಆದಷ್ಟು ದೊಡ್ಡದು ಎಂದು ನಾನೂ ಹೇಳಿದ್ದೆ. ಎಷ್ಟು ಎತ್ತರದಲ್ಲಿ ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಆಕಳು ಒಳಗೆ ಹೋಗಬೇಕೆಂಬ ಶಾಸ್ತ್ರಕ್ಕೆ ಪಕ್ಕದ ಮನೆಯ ಆಕಳನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಿದರು. ಅದು ಅರ್ಧ ಹತ್ತಿ, ತೋರಣದ ಮಾವಿನ ಎಲೆಯನ್ನು ತಿಂದು, ಹಿಂದಕ್ಕೇ ಇಳಿಯಿತು. ಮುಖ ಒಳಗೆ ಹೋಗಿತ್ತಾದ್ದರಿಂದ ಶಾಸ್ತ್ರ ಸಂದಿತು ಎಂದರು ಪುರೋಹಿತರು. ಸುಮಂಗಲೆ ಗ್ಯಾಸಿನ ಒಲೆಯಲ್ಲಿ ಹಾಲು ಉಕ್ಕಿಸಿದಳು. ಆಮೇಲೆ ನನ್ನನ್ನು ಎತ್ತಿ ತಂದು ಮಂಚದ ಮೇಲೆ ಮಲಗಿಸಿ, ದಿಂಬು ಸರಿಮಾಡಿ, ಎಲ್ಲರೂ ಸುತ್ತ ನಿಂತರು. ನಾನು ಕಣ್ಣೆತ್ತಿ ನೋಡಿದೆ. ಕಾಲಿನ ಕಡೆಯ ಗೋಡೆಯಲ್ಲಿ, ಬಹಳ ಮೇಲೆ, ಒಂದು ಪಟ್ಟಿ ಆಕಾಶ ಕಂಡಿತು. ಮನೆಯಿಲ್ಲ, ರಸ್ತೆಯಿಲ್ಲ, ಜನರಿಲ್ಲ. ಒಂದು ತಂತಿ ಮಾತ್ರ ಹಾದುಹೋಗಿತ್ತು.

ಶಾಲೆಯಲ್ಲಿ ದಿಗಂತದ ಪಾಠ ಮಾಡುವಾಗ ನಾನು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದೆ. ಮೊದಲು ನಿಂತು ನೋಡಿ, ಆಮೇಲೆ ಕೂತು ನೋಡಿ, ಆಮೇಲೆ ಮಲಗಿ ನೋಡಿ ಎನ್ನುತ್ತಿದ್ದೆ. ದಿಗಂತ ಭೂಮಿಗೆ ಸೇರಿದ್ದಲ್ಲ, ನೋಡುವವರ ಕಣ್ಣಿನ ಎತ್ತರಕ್ಕೆ ಸೇರಿದ್ದು ಎಂದು ಅವರಿಗೆ ಗೊತ್ತಾಗಲಿ ಎಂದು. ಮಕ್ಕಳು ಮಲಗಿ, ಸಮವಸ್ತ್ರಕ್ಕೆಲ್ಲ ಹುಲ್ಲು ಮೆತ್ತಿಕೊಂಡು, "ಏನೂ ಕಾಣೂದಿಲ್ಲ ಟೀಚರ್" ಎಂದು ಕೂಗುತ್ತಿದ್ದರು. ಸರಿಯಾದ ಉತ್ತರ, ಎಲ್ಲರೂ ಏಳಿ ಎನ್ನುತ್ತಿದ್ದೆ. ಆ ಪಾಠ ನನಗೆ ಪೂರ್ತಿ ಅರ್ಥವಾದದ್ದು ಲಾರಿಯಲ್ಲಿ.

"ಕಾಣ್ತನೇ?" ಎಂದರು ಇವರು.

ಇವರ ಮುಖ ನೋಡಿದೆ. ಆರು ತಿಂಗಳಲ್ಲಿ ಕೆನ್ನೆ ಇಳಿದುಹೋಗಿತ್ತು. ಉಗುರಿನ ಸಂದಿಯಲ್ಲಿ ಚಿರೆಕಲ್ಲಿನ ಕೆಂಪು ಇನ್ನೂ ಇತ್ತು. ನನಗೆ ಅಳು ಬರುವಂತಾಗಿತ್ತು, ಅದು ಸಂತೋಷದ್ದೆಂದು ಎಲ್ಲರೂ ತಿಳಿದುಕೊಂಡರು. "ಕಾಣ್ತು," ಎಂದೆ. ಮೂರು ವರ್ಷದಿಂದ ಆರಾಮ ಎನ್ನುತ್ತ ಬಂದ ನಾಲಿಗೆಗೆ ಅದೇನೂ ಕಷ್ಟವಾಗಲಿಲ್ಲ.

ಸುಗ್ಗಿ ಮುಗಿದ ಮೇಲೆ, ಗದ್ದೆ ಒಣಗಿದಾಗ, ಮೊದಲ ಪ್ರಯಾಣ ಹೊರಟೆವು. ಅರಬೈಲಿನ ಹತ್ತಿರ ರಾಘವ ಭಾವನವರ ಗದ್ದೆಯಿದೆ. ಡಾಂಬರು ಬಿಟ್ಟು ಕಾಡಿನ ಗಾಡಿದಾರಿಯಲ್ಲಿ ಇಳಿದು, ಒಂದು ಹಳ್ಳ ದಾಟಿ ಹೋಗಬೇಕು. ಒಂದು ದಿನ ಅಲ್ಲಿ ಉಳಿಯುವುದೆಂದು ಮಾತು. ಲಾರಿ ಓಡಿಸಿದವರು ಇವರು, ಪಕ್ಕದಲ್ಲಿ ಮಾವಯ್ಯ. ಹಿಂದೆ ಬೆಂಚಿನ ಮೇಲೆ ಪಲ್ಲವಿ, ಸುಮಂಗಲೆ, ರಾಘವ ಭಾವ. ಮಂಚದ ಮೇಲೆ ಅಕ್ಕಿಮೂಟೆಯ ಬೆಲ್ಟಿನಲ್ಲಿ ನಾನು.

ಶಿರಸಿಯಿಂದ ಯಲ್ಲಾಪುರದವರೆಗಿನ ದಾರಿ ನನ್ನ ಮೈಗೆ ಗೊತ್ತು. ಅದೇ ನನ್ನ ಮರ್ಯಾದೆ ಉಳಿಸಿತು. ಕ್ಯಾಬಿನ್ನಿನ ಗೋಡೆಯಲ್ಲಿ ಒಂದು ಸಣ್ಣ ಕಂಡಿ ಇಟ್ಟಿದ್ದರು, ಇವರು ಅದರಿಂದ ಹತ್ತು ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. ಮಂಚಿಕೇರಿ ಬಂತು, ಕಾಣ್ತನೇ? ಕಾಣ್ತು. ಗಾಲಿಯ ಸದ್ದು ಬದಲಾಗಿ ಟೊಳ್ಳಾದಾಗ ಸೇತುವೆ ಬಂತೆಂದು ನನಗೇ ಗೊತ್ತಾಯಿತು. "ಬೇಡ್ತಿ ಹೊಳೆ ಕಾಣ್ತನೇ?" ಎಂದರು. "ಕಾಣ್ತು. ನೀರು ಇಳದಿದ್ದು, ಬಂಡೆ ಎಲ್ಲ ಎದ್ದಿದ್ದು," ಎಂದೆ. ಈ ತಿಂಗಳಲ್ಲಿ ಬೇಡ್ತಿಯಲ್ಲಿ ನೀರು ಇಳಿದು ಬಂಡೆ ಏಳದೆ ಬೇರೇನಾಗುತ್ತದೆ? ಇವರಿಗೆ ಅದೆಷ್ಟು ಖುಷಿಯಾಯಿತೆಂದರೆ, ಸೇತುವೆ ದಾಟಿದ ಮೇಲೆ ಸಿಳ್ಳೆ ಹಾಕಿದರು. ಮದುವೆಯಾದ ಹೊಸದರಲ್ಲಿ ಸ್ಕೂಟರಿನಲ್ಲಿ ಹೀಗೆ ಸಿಳ್ಳೆ ಹಾಕುತ್ತಿದ್ದರು. ಆ ಸಿಳ್ಳೆ ಕೇಳಿದ ಮೇಲೆ ನಿಜ ಹೇಳುವ ದಾರಿ ಇನ್ನೂ ದೂರವಾಯಿತು.

ಯಲ್ಲಾಪುರ ದಾಟಿ, ಡಾಂಬರು ಬಿಟ್ಟದ್ದೇ ನನ್ನ ಭೂಗೋಳ ಮುಗಿಯಿತು. ಆ ದಾರಿ ನನಗೆ ಹೊಸತು. ಲಾರಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. ಪಾತ್ರೆಗಳು ಗಲಗಲ ಎಂದವು. ಟೊಂಗೆಗಳು ಬದಿಗೆ ಉಜ್ಜಿಕೊಂಡು ಹೋದವು. ಹಳ್ಳಕ್ಕೆ ಇಳಿದಾಗ ನೀರಿನ ತಂಪು ಹಲಗೆಯ ಸಂದಿಯಿಂದ ಬಂದು ಕಾಲಿಗೆ ತಾಗಿತು. ಎಲ್ಲರೂ ಅಯ್ಯೋ, ಆಹಾ ಎನ್ನುತ್ತಿದ್ದರು. ಆಹಾ ಎಂದರೆ ಏನೋ ಚಂದದ್ದು ಕಂಡಿದೆ ಎಂದು ಲೆಕ್ಕ ಹಾಕಿ ನಾನೂ ಒಂದು ಕ್ಷಣ ತಡವಾಗಿ ಆಹಾ ಎನ್ನುತ್ತಿದ್ದೆ. ನನ್ನ ಪಟ್ಟಿಯಲ್ಲಿ ಬಿದಿರಿನ ತುದಿಯೊಂದು ಬಂದು ಹೋಯಿತು.

ಗದ್ದೆ ತಲುಪಿದೆವು. ಎಲ್ಲರೂ ಇಳಿದರು. ಎಡಬದಿಗೆ ತಾಡಪಾಲು ಕಟ್ಟಿ ಕೆಳಗೆ ಒಲೆ ಹೂಡಿದರು. ಸುಮಂಗಲೆ ಅಡಿಗೆಗೆ ನಿಂತಳು. ಮಾವಯ್ಯ ಬದುವಿನ ಮೇಲೆ ಅಡ್ಡಾಡಿ ಬಂದು ಅದನ್ನೆಲ್ಲ ವರ್ಣಿಸಿದರು. ಪಲ್ಲವಿ ಕಾಲುವೆಯಲ್ಲಿ ಕಾಲಿಟ್ಟು ಕೂತಿದ್ದಾಳೆಂದು ನೀರಿನ ಸದ್ದಿನಿಂದ ತಿಳಿಯಿತು. ಪ್ರತಿಯೊಬ್ಬರೂ ಆಗಾಗ ಬಂದು, ಮೆಟ್ಟಿಲು ಹತ್ತಿ ಕಿಟಕಿಗೆ ಮುಖವಿಟ್ಟು, ನನ್ನನ್ನು ಮಾತಾಡಿಸಿ ಹೋದರು. ಅವರ ಮುಖ ಬಂದಾಗ ಇದ್ದ ಆಕಾಶವೂ ಮುಚ್ಚಿಹೋಗುತ್ತಿತ್ತು. ಹಿಂದಿನ ಜೋಡಿಬಾಗಿಲನ್ನು ಧೂಳು ಬರಬಾರದೆಂದು ಹಾಕಿಯೇ ಇಟ್ಟಿದ್ದರು. ಅದನ್ನು ತೆರೆಯಿರಿ ಎಂದರೆ ಎಡಮಗ್ಗುಲಿಗೆ ತಿರುಗಿ ಇಡೀ ಗದ್ದೆ ನೋಡಬಹುದಿತ್ತು. ಆದರೆ ಕಿಟಕಿಯಲ್ಲಿ ಕಾಣುವವಳಿಗೆ ಬಾಗಿಲು ಯಾಕೆ? ಒಂದು ಸುಳ್ಳು ಹೇಳಿದರೆ ಅದಕ್ಕೆ ದಿನವಿಡೀ ಚಾಕರಿ ಮಾಡಬೇಕಾಗುತ್ತದೆ. ಹೊರಗೆ ಬಂದಿದ್ದೆ, ಹೊರಗಿನದೊಂದೂ ನೋಡದೆ ವಾಪಸು ಹೋಗುತ್ತೇನೆ ಎಂದು ಅನ್ನಿಸತೊಡಗಿತು. ಮನೆಯಲ್ಲಿ ಮಲಗಿದ್ದಾಗ ಇಲ್ಲದ ದುಃಖ ಅಲ್ಲಿ ಬಂತು. ಮನೆಯಲ್ಲಾದರೆ ಇನ್ನೂ ಬಯಸುವುದಕ್ಕೆ ಏನೋ ಉಳಿದಿತ್ತು.

ಇಳಿಬಿಸಿಲಿನ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲರೂ ಮೆಟ್ಟಿಲು ಹತ್ತಿ ಒಳಗೆ ನುಗ್ಗಿದರು. ಮಾವಯ್ಯನನ್ನು ಇವರು ಎತ್ತಿಯೇ ತಂದರು. ಬಾಗಿಲು ಹಾಕಿದರು. "ಕಾಡೆಮ್ಮೆ!" ಎಂದು ಪಲ್ಲವಿ ಪಿಸುಗುಟ್ಟಿದಳು. ಗದ್ದೆಯ ಅಂಚಿಗೆ, ಕಾಡಿನಿಂದ, ಕರುವಿನ ಜೊತೆ ಬಂದಿದೆಯಂತೆ. ಐದೂ ಜನ ಎಡಗಡೆಯ ಕಿಟಕಿಗೆ ಮುಗಿಬಿದ್ದರು.

"ಶೂ... ಮಾತಾಡಡಿ," ಎಂದರು ಮಾವಯ್ಯ.

"ಕಾಲು ನೋಡಿ, ಬಿಳಿ ಸಾಕ್ಸ್ ಹಾಕ್ದಾಂಗೆ ಇದ್ದು," ಎಂದಳು ಸುಮಂಗಲೆ.

"ಕರು ಹಾಲು ಕುಡೀತಾ ಇದ್ದು. ಆಯೀ, ನೋಡು, ನೋಡು!" ಎಂದಳು ಪಲ್ಲವಿ, ತಿರುಗದೆ.

ನನಗೆ ಕಂಡದ್ದು ಐದು ಬೆನ್ನು. ಇವರ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಇವರು ಕೂಡ ತಿರುಗದೆಯೇ, ಸಂತೋಷದಲ್ಲಿ "ಕಾಣ್ತನೇ?" ಎಂದು ಪಿಸುಗುಟ್ಟಿದರು.

ಶಾಲೆಯ ಮೈದಾನದ ಕೊನೆಯವರೆಗೆ ಕೇಳಿಸುತ್ತಿದ್ದ ದನಿ ನನ್ನದು. ಅದು ಇನ್ನೂ ಇದೆ ಎಂದು ನನಗೇ ಗೊತ್ತಿರಲಿಲ್ಲ.

"ಎಂಗೆ ಕಾಣ್ತಿಲ್ಲೆ!"

ಹೊರಗೆ ದಡದಡ ಸದ್ದಾಯಿತು, ಪೊದೆ ಮುರಿಯಿತು, ಆಮೇಲೆ ಏನೂ ಇಲ್ಲ. ಕಾಡೆಮ್ಮೆ ಹೋಗಿತ್ತು. ಐದು ಬೆನ್ನುಗಳು ಒಂದೊಂದಾಗಿ ತಿರುಗಿ ಮುಖಗಳಾದವು.

"ಬೆಳಗಿಂದನೂ?" ಎಂದರು ಇವರು.

"ಪ್ರವೇಶದ ದಿನದಿಂದ."

"ಮತ್ತೆ ಕಾಣ್ತು ಹೇಳಿ ಎಂತಕ್ಕೆ ಹೇಳ್ದೆ ಆಯಿ?" ಎಂದಳು ಪಲ್ಲವಿ. ಅದಕ್ಕೆ ಉತ್ತರ ಅವಳ ಅಪ್ಪನಿಗೆ ಗೊತ್ತಿತ್ತು. ಇವರು ಮಾತಾಡದೆ ಬೆಲ್ಟು ಬಿಚ್ಚಿ, ನನ್ನನ್ನು ಮೆಲ್ಲಗೆ ಅಂಚಿಗೆ ಸರಿಸಿ, ಇದ್ದ ಚೂರು ಜಾಗದಲ್ಲಿ ನನ್ನ ಪಕ್ಕ ಮಲಗಿದರು. ಮನೆಯಲ್ಲಿ ನನ್ನದು ಆಸ್ಪತ್ರೆಯ ಎತ್ತರದ ಮಂಚ, ಇವರದು ಕೆಳಗೆ ಚಾಪೆ. ಮೂರು ವರ್ಷದಲ್ಲಿ ನಮ್ಮಿಬ್ಬರ ತಲೆ ಒಂದೇ ದಿಂಬಿಗೆ ಬಂದದ್ದು ಅದೇ ಮೊದಲು. ಇವರು ಕಿಟಕಿಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಮಲಗಿದವರ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಹೋಗುತ್ತದೆ. ಇವರಿಗೆ ಅದು ಗೊತ್ತಿರಲಿಲ್ಲ. ಕೆನ್ನೆ ಒರೆಸಿಕೊಂಡರು, ಅಲ್ಲಿ ಏನೂ ಇರಲಿಲ್ಲ, ಆಮೇಲೆ ಕಿವಿ ಒರೆಸಿಕೊಂಡರು.

ಇವರು ಎದ್ದ ಮೇಲೆ ಮಾವಯ್ಯ ತಾವೂ ನೋಡಬೇಕೆಂದರು. ಸೊಸೆಯ ಮಂಚದ ಮೇಲೆ ಮಾವ ಕೂರುವುದೂ ನಮ್ಮಲ್ಲಿ ಇಲ್ಲದ ಮಾತು. ಅವರು ಮಗನ ತೋಳು ಹಿಡಿದು ಕೂತು, ಮಲಗಿ, ನೋಡಿದರು. "ಥೋ," ಎಂದರು. "ಮನಿಕ್ಯಳಲಾಗ ಹೇಳಿದ್ದು ಆನೇ," ಎಂದು ತಮ್ಮ ಎದೆಗೇ ಬೆರಳು ತೋರಿಸಿಕೊಂಡರು.

ಕಿಟಕಿಗಳನ್ನು ಆಮೇಲೆ ಇಸ್ಮಾಯಿಲ್ ಸಾಬರು ಕೆಳಗಿಳಿಸಿಕೊಟ್ಟರು. ಈ ಸಲ ಎಲ್ಲರೂ ಸರದಿಯಲ್ಲಿ ಮಲಗಿಯೇ ಅಳತೆ ಹೇಳಿದರು, ಬೇಡದವರೂ ಮಲಗಿದರು. ಈಗ ಬೆಂಚಿನ ಮೇಲೆ ಕೂತವರಿಗೆ ಹೊರಗೆ ನೋಡಲು ಬೆನ್ನು ಬಗ್ಗಿಸಬೇಕು, ರಾಘವ ಭಾವನಿಗಂತೂ ಮೊಣಕಾಲೂರಬೇಕು. ಅದೆಲ್ಲ ನಂತರದ ಮಾತು. ಅವತ್ತು ಗರಗಸವೂ ಇರಲಿಲ್ಲ, ಕಾಯುವ ತಾಳ್ಮೆಯೂ ಇರಲಿಲ್ಲ. ಇವರು ಹೋಗಿ ಹಿಂದಿನ ಎರಡೂ ಬಾಗಿಲನ್ನು ದೂಡಿ ತೆರೆದರು. ನನ್ನನ್ನು ಹಾಸಿಗೆಯ ಸಮೇತ ಎತ್ತಿ ತಂದು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಮಲಗಿಸಿ, ಎಡಮಗ್ಗುಲಿಗೆ ತಿರುಗಿಸಿದರು.

ಗದ್ದೆ ಕಂಡಿತು. ಕೊಯ್ದ ಬುಡಗಳ ಸಾಲು, ಬದು, ಬದುವಿನ ಮೇಲೆ ಯಾರೋ ಮರೆತ ಅಡಿಕೆಯ ಹಾಳೆಟೊಪ್ಪಿ, ಅದರಾಚೆ ಕಾಡು. ಕಾಡೆಮ್ಮೆ ನುಗ್ಗಿಹೋದಲ್ಲಿ ಪೊದೆ ಇನ್ನೂ ಅಲುಗುತ್ತಿತ್ತು. ನಾನು ಒಂದನ್ನೂ ಬಿಡದೆ ನೋಡಿದೆ. ಕಣ್ಣು ಮುಚ್ಚಲು ಹೆದರಿಕೆಯಾಯಿತು.

ನನ್ನ ಬೆನ್ನ ಹಿಂದೆ ಹಲಗೆ ಸದ್ದಾಯಿತು. ಇವರು ಹಾಸಿಗೆಗೆ ತಾಗಿ ನೆಲದ ಮೇಲೆ ಮಲಗಿ, ಗಲ್ಲವನ್ನು ನನ್ನ ಭುಜದ ಹತ್ತಿರ ತಂದರು. ಪಲ್ಲವಿ ನನ್ನ ಕಾಲಬುಡದಲ್ಲಿ ಮಲಗಿದಳು. ಸುಮಂಗಲೆ ಒಲೆ ಆರಿಸಿ ಬಂದು ಬೆಂಚಿನ ಸಂದಿಯಲ್ಲಿ ಮೈ ಚಾಚಿದಳು. ಮಾವಯ್ಯನಿಗೆ ಒಂದು ಕಂಬಳಿ ಹಾಸಿಕೊಟ್ಟರು. ಕೊನೆಗೆ ಉಳಿದ ರಾಘವ ಭಾವ, ಒಬ್ಬರೇ ನಿಂತಿರಲು ನಾಚಿಕೆಯಾಗಿ, ಉದ್ದಕ್ಕೆ ಹಿಡಿಯದ ಕಾಲನ್ನು ಮಡಚಿ ಮಲಗಿದರು. ಯಾರೂ ಯಾರಿಗೂ ಹೀಗೆ ಮಾಡೋಣ ಎಂದು ಹೇಳಿರಲಿಲ್ಲ.

"ಹೆದರಿ ಹೋದ ಕಾಡೆಮ್ಮೆ ಇವತ್ತು ಮತ್ತೆ ಬತ್ತಿಲ್ಲೆ," ಎಂದರು ಭಾವ, ಬಹಳ ಮೆಲ್ಲಗೆ.

"ಬಪ್ಪಲೂ ಸಾಕು," ಎಂದರು ಮಾವಯ್ಯ.

ಬಂದರೂ ಬರಬಹುದು ಎಂದು ಕಾದೆವು. ಬಿಸಿಲು ಬದುವಿನಿಂದ ಇಳಿಯಿತು. ಹೊರಗೆ ಸುಮಂಗಲೆಯ ಅನ್ನ ಆರಿ ತಣ್ಣಗಾಯಿತು. ಕಾಡೆಮ್ಮೆ ಬರಲಿಲ್ಲ. ಯಾರೂ ಏಳಲಿಲ್ಲ.